ಲೂಪ್ ಕಳೆದುಕೊಳ್ಳದ ಸ್ಯಾಂಪಲ್ ಕನ್ವರ್ಟರ್: ಕಟ್ಟುವ ಬಗೆ, ಕೆಡುವ ಜಾಗಗಳು

ಎಐಎಫ್‌ಎಫ್ ಎಂಬ ಬಗೆಯ ಸದ್ದಿನ ಫೈಲ್‌ಗಳನ್ನು ವೇವ್ ಎಂಬ ಇನ್ನೊಂದು ಬಗೆಗೆ ಬದಲಿಸುವ ಉಪಕರಣಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಸದ್ದನ್ನಷ್ಟೇ ದಾಟಿಸುತ್ತವೆ. ವಾದ್ಯದ ಸ್ಯಾಂಪಲ್, ಅಂದರೆ ಸ್ಯಾಂಪ್ಲರ್ ಎಂಬ ಸಾಧನ ನುಡಿಸಲೆಂದು ಮುದ್ರಿಸಿಟ್ಟ ಸ್ವರ, ಬರೀ ಸದ್ದಲ್ಲ. ಅದರ ಮೂಲ ಸ್ವರ ಯಾವುದು, ಶ್ರುತಿ ಎಷ್ಟು ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ) ಆಚೀಚೆ ಇದೆ, ಲೂಪ್ (ಮತ್ತೆ ಮತ್ತೆ ನುಡಿಯುವ ಭಾಗ) ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಮಾಹಿತಿಯೂ ಫೈಲ್‌ನೊಳಗೇ ಇರುತ್ತದೆ. ಅದು ಹೋದರೆ ನೂರಾರು ಸ್ಯಾಂಪಲ್‌ಗಳ ಲೂಪನ್ನು ಮತ್ತೆ ಕಿವಿಯಿಂದ ಹುಡುಕುತ್ತಾ ಕೂರಬೇಕು. ಮಾಹಿತಿ ಉಳಿದೂ ಒಂದೇ ಒಂದು ಫ್ರೇಮ್ (ಸದ್ದಿನ ಒಂದು ಕ್ಷಣದ ಅಳತೆ) ತಪ್ಪಿದರೆ ಇನ್ನೂ ಕಷ್ಟ, ಏಕೆಂದರೆ ಆಗ ತಪ್ಪು ಇದೆ ಎಂದೇ ಗೊತ್ತಾಗುವುದಿಲ್ಲ. ಎಲ್ಲೋ ಸಣ್ಣಗೆ ಟಿಕ್ ಎನ್ನುತ್ತಿರುತ್ತದೆ.

ಇಲ್ಲಿ ಕಟ್ಟುವುದು ಸಿ ಭಾಷೆಯ ಒಂದು ಸಣ್ಣ ಕಮ್ಯಾಂಡ್‌ಲೈನ್ ಉಪಕರಣ. ಒಳಗೆ ಬರುವುದು ಎಐಎಫ್‌ಎಫ್, ಅದರ ವಿಸ್ತೃತ ರೂಪವಾದ ಎಐಎಫ್‌ಸಿ, ಮತ್ತು ವೇವ್. ಹೊರಗೆ ಹೋಗುವುದು 16 ಬಿಟ್, 44100 ಹರ್ಟ್ಸ್‌ನ ವೇವ್, ಲೂಪ್ ಮತ್ತು ಶ್ರುತಿ ಸಮೇತ. ಬದಲಾಗಬೇಕಿಲ್ಲದ ಒಂದು ಬಿಟ್ ಕೂಡ ಬದಲಾಗಬಾರದು ಎಂಬುದು ಇಡೀ ಕೆಲಸದ ನಿಯಮ.

ಲೈಬ್ರರಿಗಳ ಆಯ್ಕೆ

ಓದು-ಬರಹಕ್ಕೆ ಲಿಬ್‌ಎಸ್‌ಎನ್‌ಡಿಫೈಲ್. ಎರಿಕ್ ಡಿ ಕ್ಯಾಸ್ಟ್ರೋ ಲೋಪೊ ಶುರುಮಾಡಿದ ಈ ಲೈಬ್ರರಿ ಎಲ್‌ಜಿಪಿಎಲ್ ಪರವಾನಗಿಯಲ್ಲಿದೆ. ವೇವ್, ಎಐಎಫ್‌ಎಫ್, ಎಯು, ಕೆಫ್, ಆರ್‌ಎಫ್64, ಫ್ಲ್ಯಾಕ್, ಆಗ್ ವೋರ್ಬಿಸ್ ಎಲ್ಲಕ್ಕೂ ಒಂದೇ ಬಗೆಯ ಫಂಕ್ಷನ್‌ಗಳು, 2022ರ 1.1.0 ಆವೃತ್ತಿಯಿಂದ ಎಂಪಿ3 ಕೂಡ ಸೇರಿದೆ. ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು) ಬದಲಿಸಲು ಲಿಬ್‌ಸ್ಯಾಂಪಲ್‌ರೇಟ್, ಅದೂ ಅವರದೇ. ಮೊದಲು ಜಿಪಿಎಲ್‌ನಲ್ಲಿದ್ದದ್ದು ಈಗ ಬಿಎಸ್‌ಡಿ ಪರವಾನಗಿಯಲ್ಲಿದೆ. ಡೆಬಿಯನ್ ಬಳಗದ ಲಿನಕ್ಸ್‌ನಲ್ಲಿ ಎರಡಕ್ಕೂ ಹೆಸರಿನ ಕೊನೆಯಲ್ಲಿ "ಡೆವ್" ಇರುವ ಪ್ಯಾಕೇಜ್‌ಗಳನ್ನು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಹೆಡರ್ ಫೈಲ್ ಸಿಗುವುದಿಲ್ಲ. ಕಂಪೈಲ್ ಮಾಡುವಾಗ ಪಿಕೆಜಿ-ಕಾನ್ಫಿಗ್‌ನಿಂದ ಎರಡರ ಲಿಂಕ್ ಆಯ್ಕೆಗಳನ್ನೂ ತೆಗೆದುಕೊಂಡರೆ ಸಾಕು.

ಸಣ್ಣ ಯಂತ್ರದೊಳಗೆ ಅಥವಾ ಬೇರೆ ಪ್ರೋಗ್ರಾಂನೊಳಗೆ ಸೇರಿಸುವುದಾದರೆ ಡಿಆರ್_ವೇವ್ ಚೆನ್ನ: ಒಂದೇ ಹೆಡರ್ ಫೈಲ್, ಪರವಾನಗಿಯ ತಲೆನೋವಿಲ್ಲ. ಪೈಥಾನ್‌ನಲ್ಲಿ ಮಾಡುವವರು ಸೌಂಡ್‌ಫೈಲ್ ಪ್ಯಾಕೇಜ್ ಬಳಸಬಹುದು, ಅದರೊಳಗೆ ಇರುವುದೂ ಲಿಬ್‌ಎಸ್‌ಎನ್‌ಡಿಫೈಲೇ. ಪೈಥಾನ್ ಜೊತೆಗೇ ಬರುತ್ತಿದ್ದ ಎಐಎಫ್‌ಸಿ, ಎಸ್‌ಯುಎನ್‌ಎಯು ಮತ್ತು ಆಡಿಯೊಆಪ್ ಮಾಡ್ಯೂಲ್‌ಗಳನ್ನು 3.13ರಲ್ಲಿ ತೆಗೆದುಹಾಕಿದ್ದಾರೆ, ವೇವ್ ಮಾಡ್ಯೂಲ್ ಮಾತ್ರ ಉಳಿದಿದೆ. ಹಳೆಯ ಸ್ಕ್ರಿಪ್ಟ್ ಇದ್ದಕ್ಕಿದ್ದಂತೆ ನಿಂತುಹೋಗಿದ್ದರೆ ಮೊದಲು ಇದನ್ನು ನೋಡಿ.

ಸದ್ದನ್ನು ಓದುವುದು

ಫೈಲ್ ತೆರೆಯುವ ಮುನ್ನ ಎಸ್‌ಎಫ್_ಇನ್ಫೋ ಸ್ಟ್ರಕ್ಚರನ್ನು ಪೂರ್ತಿ ಸೊನ್ನೆ ಮಾಡಿ. ಓದಲು ತೆರೆಯುವಾಗ ಅದರ ಫಾರ್ಮ್ಯಾಟ್ ಕ್ಷೇತ್ರ ಸೊನ್ನೆ ಇರಲೇಬೇಕು. ಅದನ್ನು ಮರೆತರೆ ಸ್ಟ್ಯಾಕ್‌ನಲ್ಲಿದ್ದ ಕಸವೇ ಫಾರ್ಮ್ಯಾಟ್ ಆಗಿ, ಸರಿಯಾದ ಫೈಲ್ ಕೂಡ ಒಮ್ಮೆ ತೆರೆದು ಇನ್ನೊಮ್ಮೆ ತೆರೆಯದೆ ಆಟವಾಡಿಸುತ್ತದೆ. ತೆರೆಯದಿದ್ದಾಗ ಎಸ್‌ಎಫ್_ಎಸ್‌ಟಿಆರ್‌ಎರರ್ ಕೊಡುವ ಸಂದೇಶವನ್ನು ಹಾಗೇ ಮುದ್ರಿಸಿ. ಅದರಲ್ಲಿ ಕಾರಣ ಸ್ಪಷ್ಟವಾಗಿರುತ್ತದೆ.

ಓದುವ ಫಂಕ್ಷನ್‌ಗಳಲ್ಲಿ ಎರಡು ಗುಂಪು. ಹೆಸರಿನಲ್ಲಿ "ರೀಡ್‌ಎಫ್" ಇದ್ದರೆ ಎಣಿಕೆ ಫ್ರೇಮ್‌ನಲ್ಲಿ, ಬರೀ "ರೀಡ್" ಇದ್ದರೆ ಎಣಿಕೆ ಬಿಡಿ ಸಂಖ್ಯೆಗಳಲ್ಲಿ. ಸ್ಟೀರಿಯೊದ ಒಂದು ಫ್ರೇಮ್ ಎಂದರೆ ಎರಡು ಸಂಖ್ಯೆ. ಈ ಎರಡನ್ನು ಕಲಸಿಕೊಂಡರೆ ಸ್ಟೀರಿಯೊ ಫೈಲ್‌ನ ಅರ್ಧ ಮಾತ್ರ ಬರುತ್ತದೆ, ಇಲ್ಲವೇ ಬಫರ್ ದಾಟಿ ಬರೆದು ಪ್ರೋಗ್ರಾಂ ಬೀಳುತ್ತದೆ. ಇಡೀ ಕೋಡ್‌ನಲ್ಲಿ ಫ್ರೇಮ್ ಎಣಿಕೆಯನ್ನೇ ಹಿಡಿದುಕೊಳ್ಳಿ. ಸ್ಯಾಂಪಲ್ ಫೈಲ್‌ಗಳು ಚಿಕ್ಕವು. 48000 ಹರ್ಟ್ಸ್‌ನ 10 ಸೆಕೆಂಡಿನ ಸ್ಟೀರಿಯೊ, ಫ್ಲೋಟ್ (4 ಬೈಟ್‌ನ ದಶಮಾಂಶ ಸಂಖ್ಯೆ) ರೂಪದಲ್ಲಿ 38,40,000 ಬೈಟ್ ಅಷ್ಟೆ. ಹಾಗಾಗಿ ತುಂಡು ತುಂಡಾಗಿ ಓದುವ ಗೋಜು ಬೇಡ, ಇಡೀ ಫೈಲನ್ನು ಮೆಮೊರಿಗೆ ತನ್ನಿ.

ಮೂಲ ಫೈಲ್ ಫ್ಲೋಟ್‌ನಲ್ಲಿದ್ದು ಅದನ್ನು ಇಂಟಿಜರ್ (ಪೂರ್ಣಾಂಕ) ಫಂಕ್ಷನ್‌ನಿಂದ ಓದಿದರೆ ಬರೀ ನಿಶ್ಶಬ್ದ ಬರುತ್ತದೆ. 0.4, −0.7 ಮುಂತಾದವೆಲ್ಲ ಸೊನ್ನೆಗೆ ಇಳಿಯುತ್ತವೆ. ಇದಕ್ಕೆ ಸ್ಕೇಲ್ ಮಾಡುವ ಆಜ್ಞೆ ಬೇರೆ ಇದೆ, ಆದರೆ ಫ್ಲೋಟ್ ಫೈಲನ್ನು ಫ್ಲೋಟ್ ಆಗಿಯೇ ಓದುವುದು ನೇರ ದಾರಿ.

ಬಿಟ್ ಬದಲಾಗದ ದಾರಿ

ಮೂಲ 16 ಬಿಟ್, 44100 ಹರ್ಟ್ಸ್ ಇದ್ದರೆ ಸದ್ದಿನ ಸಂಖ್ಯೆಗಳು ಹಾಗೇ ದಾಟಬೇಕು. ಎಂಡಿಯನ್ ಮಾತ್ರ ಬದಲಾಗುತ್ತದೆ: ಎಐಎಫ್‌ಎಫ್‌ನಲ್ಲಿ ದೊಡ್ಡ ಬೈಟ್ ಮೊದಲು, ವೇವ್‌ನಲ್ಲಿ ಚಿಕ್ಕದು ಮೊದಲು. ಇಲ್ಲಿ ಸುಲಭವೆಂದು ಎಲ್ಲವನ್ನೂ ಫ್ಲೋಟ್ ಮಾಡಿ ವಾಪಸ್ ತಂದರೆ ಸದ್ದು ಕಣ್ಣಿಗೆ ಕಾಣದ ಹಾಗೆ ಬದಲಾಗುತ್ತದೆ. ಓದುವಾಗ 32768ರಿಂದ ಭಾಗಿಸಿ ಬರೆಯುವಾಗ 32767ರಿಂದ ಗುಣಿಸುವುದು ಸಾಮಾನ್ಯ ಪದ್ಧತಿ. 20000 ಎಂಬ ಸಂಖ್ಯೆ ಆ ದಾರಿಯಲ್ಲಿ 19999.39 ಆಗಿ 19999ಕ್ಕೆ ಕೂರುತ್ತದೆ. −32768 ಹೋಗಿ −32767 ಆಗುತ್ತದೆ. 16384ಕ್ಕಿಂತ ಚಿಕ್ಕ ಸಂಖ್ಯೆಗಳು ಪಾರಾಗುತ್ತವೆ, ಅದಕ್ಕಿಂತ ದೊಡ್ಡವು ಒಂದೊಂದು ಇಳಿಯುತ್ತವೆ. ಕಿವಿಗೆ ಇದು ಕೇಳಿಸದು, ನಿಜ. ಆದರೆ ಅದೇ ಸಂಗ್ರಹವನ್ನು ನಾಲ್ಕು ಸಲ ಅತ್ತಿತ್ತ ಪರಿವರ್ತಿಸಿದರೆ ತಪ್ಪು ಕೂಡುತ್ತಾ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಫೈಲ್‌ಗಳನ್ನು ಹೋಲಿಸಿ "ಇದು ಅದೇ" ಎಂದು ಹೇಳುವ ಅವಕಾಶವೇ ಕೈತಪ್ಪುತ್ತದೆ.

ಆದ್ದರಿಂದ ಕೋಡ್‌ನಲ್ಲಿ ಎರಡು ದಾರಿ ಇಡಿ. ರೇಟ್ ಮತ್ತು ಬಿಟ್ ಎರಡೂ ಸಮ ಇದ್ದರೆ 32 ಬಿಟ್ ಇಂಟಿಜರ್ ಫಂಕ್ಷನ್‌ಗಳಿಂದ ಓದಿ, ಅವುಗಳಿಂದಲೇ ಬರೆಯಿರಿ. ಈ ಫಂಕ್ಷನ್‌ಗಳು 16 ಬಿಟ್‌ನ ಸಂಖ್ಯೆಯನ್ನು 32ರ ಮೇಲಿನ ಅರ್ಧದಲ್ಲಿ ಕೂರಿಸುತ್ತವೆ, ಬರೆಯುವಾಗ ಮೇಲಿನ ಅರ್ಧವನ್ನೇ ತೆಗೆಯುತ್ತವೆ. ನಡುವೆ ಗುಣಾಕಾರ ಭಾಗಾಕಾರ ಇಲ್ಲ. ರೇಟ್ ಅಥವಾ ಬಿಟ್ ಬದಲಾಗಲೇಬೇಕಾದ ಫೈಲ್‌ಗಳು ಮಾತ್ರ ಫ್ಲೋಟ್ ದಾರಿಗೆ ಹೋಗಲಿ.

24ರಿಂದ 16ಕ್ಕೆ ಇಳಿಯುವಾಗ ಇಂಟಿಜರ್ ದಾರಿ ಹಿಡಿದರೆ ಕೆಳಗಿನ 8 ಬಿಟ್ ಕತ್ತರಿಸಿ ಹೋಗುತ್ತದೆ. ಮಸುಕಾಗುತ್ತಾ ಮುಗಿಯುವ ಸ್ವರದ ಬಾಲದಲ್ಲಿ ಇದು ಒರಟಾಗಿ ಕೇಳಿಸುತ್ತದೆ. ಫ್ಲೋಟ್‌ನಲ್ಲಿ 16 ಬಿಟ್‌ನ ಅಳತೆಗೆ ಏರಿಸಿ, −0.5ರಿಂದ +0.5ರ ನಡುವಿನ ಎರಡು ಯಾದೃಚ್ಛಿಕ ಸಂಖ್ಯೆಗಳನ್ನು ಕೂಡಿಸಿ, ಆಮೇಲೆ ಹತ್ತಿರದ ಪೂರ್ಣಾಂಕಕ್ಕೆ ತನ್ನಿ. ತ್ರಿಕೋನ ಹಂಚಿಕೆಯ ಡಿದರ್ (ಒರಟುತನ ಮರೆಸಲು ಬೆರೆಸುವ ಸಣ್ಣ ಸದ್ದು) ಎಂದರೆ ಇಷ್ಟೇ. ಎಡ-ಬಲ ಚಾನೆಲ್‌ಗಳಿಗೆ ಬೇರೆ ಬೇರೆ ಸಂಖ್ಯೆ ಬಳಸಿ, ಇಲ್ಲದಿದ್ದರೆ ಡಿದರ್ ಸದ್ದು ನಟ್ಟನಡುವೆ ಒಂದೇ ಕಡೆ ಕೂರುತ್ತದೆ. ಒಂದೇ ಆವರ್ತದಷ್ಟು ಚಿಕ್ಕ ಲೂಪ್‌ನಲ್ಲಿ ಡಿದರ್‌ನಿಂದ ಲಾಭ ಕಡಿಮೆ. ಆ ಸದ್ದೂ ಲೂಪಿನೊಡನೆ ಸುತ್ತಿ, ಸದ್ದಾಗಿ ಉಳಿಯದೆ ತೀರಾ ಕ್ಷೀಣವಾದ ಸ್ವರವಾಗಿಬಿಡುತ್ತದೆ.

ಲೂಪ್ ಮಾಹಿತಿ: ಇದನ್ನು ಕೈಯಿಂದಲೇ ಓದಿ

ಲಿಬ್‌ಎಸ್‌ಎನ್‌ಡಿಫೈಲ್‌ನಲ್ಲಿ ವಾದ್ಯದ ಮಾಹಿತಿಗೆ ಎಸ್‌ಎಫ್_ಇನ್‌ಸ್ಟ್ರುಮೆಂಟ್ ಎಂಬ ಸ್ಟ್ರಕ್ಚರ್ ಇದೆ. ಸುಮ್ಮನೆ ಲೂಪ್ ತಿಳಿಯಲು ಅದು ಸಾಕು. ಆದರೆ ಅದರಲ್ಲಿ ಶ್ರುತಿಗೆ ಇರುವುದು ಒಂದೇ ಬೈಟ್. ವೇವ್‌ನ 32 ಬಿಟ್ ಭಿನ್ನಾಂಕ ಅದರಲ್ಲಿ ಹಿಡಿಸದು. ಈ ಉಪಕರಣದಲ್ಲಿ ಸದ್ದನ್ನು ಲೈಬ್ರರಿಗೆ ಬಿಟ್ಟು, ಲೂಪ್‌ನ ಚಂಕ್‌ಗಳನ್ನು (ಫೈಲ್‌ನೊಳಗಿನ, ಹೆಸರು ಹೊತ್ತ ತುಂಡುಗಳನ್ನು) ಸ್ವಂತ ಕೋಡ್‌ನಿಂದ ಓದುವುದೇ ಲೇಸು. ಕೆಲಸ ದೊಡ್ಡದಲ್ಲ, ಆದರೆ ಎಚ್ಚರ ಬೇಕು.

ಎರಡೂ ಬಗೆಯ ಫೈಲ್‌ಗಳ ಅಸ್ಥಿಪಂಜರ ಒಂದೇ: 4 ಅಕ್ಷರದ ಹೆಸರು, 4 ಬೈಟ್‌ನ ಅಳತೆ, ಆಮೇಲೆ ಅಷ್ಟು ಬೈಟ್ ವಿಷಯ. ಅಳತೆ ಬೆಸ ಸಂಖ್ಯೆಯಾದರೆ ಕೊನೆಗೆ ಒಂದು ತುಂಬುವ ಬೈಟ್ ಇರುತ್ತದೆ, ಅಳತೆಯಲ್ಲಿ ಅದು ಲೆಕ್ಕಕ್ಕಿಲ್ಲ. ಈ ಒಂದು ಬೈಟ್ ಮರೆತರೆ ಮುಂದಿನ ಚಂಕ್‌ನ ಹೆಸರು ಒಂದು ಅಕ್ಷರ ಜರುಗಿ, ಅಲ್ಲಿಂದಾಚೆ ಏನೂ ಸಿಗುವುದಿಲ್ಲ. ಲೂಪ್ ಮಾಹಿತಿ ಸಾಮಾನ್ಯವಾಗಿ ಸದ್ದಿನ ನಂತರ ಇರುವುದರಿಂದ, 8 ಬಿಟ್ ಅಥವಾ 24 ಬಿಟ್ ಮೋನೋ ಫೈಲ್‌ನಲ್ಲಿ ಫ್ರೇಮ್ ಸಂಖ್ಯೆ ಬೆಸ ಬಂದಾಗ ಮಾತ್ರ ಲೂಪ್ ಮಾಯವಾಗುತ್ತದೆ. "ಕೆಲವು ಫೈಲ್‌ಗಳಲ್ಲಿ ಮಾತ್ರ ಲೂಪ್ ಬರುತ್ತಿಲ್ಲ" ಎಂಬ ದೂರಿಗೆ ಮೊದಲು ಹುಡುಕಬೇಕಾದ ಜಾಗ ಇದು.

ಹೆಡರನ್ನು ಸಿ ಸ್ಟ್ರಕ್ಚರ್‌ಗೆ ನೇರವಾಗಿ ಸುರಿಯಬೇಡಿ. ಎಐಎಫ್‌ಎಫ್‌ನ ಕಾಮನ್ ಚಂಕ್ 18 ಬೈಟ್: 2 ಚಾನೆಲ್‌ಗೆ, 4 ಫ್ರೇಮ್ ಸಂಖ್ಯೆಗೆ, 2 ಬಿಟ್‌ಗೆ, 10 ರೇಟ್‌ಗೆ. ಸ್ಟ್ರಕ್ಚರ್ ಮಾಡಿದರೆ ಕಂಪೈಲರ್ ಮೊದಲ 2ರ ನಂತರ ಖಾಲಿ 2 ಬೈಟ್ ತುಂಬಿ 20 ಮಾಡುತ್ತದೆ, ಫ್ರೇಮ್ ಸಂಖ್ಯೆ ಅರ್ಥವಿಲ್ಲದ್ದಾಗುತ್ತದೆ. ಬೈಟ್ ಬೈಟಾಗಿ ಓದಿ ಜೋಡಿಸುವ ನಾಲ್ಕು ಪುಟ್ಟ ಫಂಕ್ಷನ್ ಬರೆದುಕೊಳ್ಳಿ: 16 ಮತ್ತು 32 ಬಿಟ್, ಎರಡೂ ಎಂಡಿಯನ್.

ರೇಟ್‌ನ 10 ಬೈಟ್ ಎಂದರೆ 80 ಬಿಟ್‌ನ ವಿಸ್ತೃತ ಫ್ಲೋಟ್. 44100ಕ್ಕೆ ಆ ಬೈಟ್‌ಗಳು ದಶಮಾನದಲ್ಲಿ ಹೀಗಿರುತ್ತವೆ:

64, 14, 172, 68, 0, 0, 0, 0, 0, 0

ಮೊದಲ ಎರಡು ಬೈಟ್ ಘಾತ: 64 × 256 + 14 = 16398. ಅದರಿಂದ 16383 ಕಳೆದರೆ 15. ಮುಂದಿನ 8 ಬೈಟ್ ಒಂದೇ 64 ಬಿಟ್ ಸಂಖ್ಯೆ. ಅದನ್ನು 2ರ ಘಾತ (15 − 63)ರಿಂದ ಗುಣಿಸಿ. 172 × 256 + 68 = 44100, ಲೆಕ್ಕ ಕೂಡಿತು. 48000 ಆದರೆ ಮೂರು ಮತ್ತು ನಾಲ್ಕನೆಯ ಬೈಟ್ 187, 128. ಸಿ ಭಾಷೆಯ ಎಲ್‌ಡಿಎಕ್ಸ್ಪ್ ಫಂಕ್ಷನ್ ಇದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ.

ಇನ್ನು ಲೂಪ್. ಎಐಎಫ್‌ಎಫ್‌ನಲ್ಲಿ ಅದು ಎರಡು ಚಂಕ್‌ಗಳಲ್ಲಿ ಹರಡಿದೆ. ಇನ್‌ಸ್ಟ್ರುಮೆಂಟ್ ಚಂಕ್ 20 ಬೈಟ್‌ನದು. ಮೂಲ ಸ್ವರ, ಡೀಟ್ಯೂನ್ (ಶ್ರುತಿಯ ತಿದ್ದುಪಡಿ), ಸ್ವರದ ಮತ್ತು ವೆಲಾಸಿಟಿಯ (ನುಡಿಸುವ ಬಲದ) ಮಿತಿಗಳು, ಗೇನ್, ಕೊನೆಗೆ ಸಸ್ಟೇನ್ (ಸ್ವರ ಹಿಡಿದಿರುವಾಗಿನ) ಮತ್ತು ರಿಲೀಸ್ (ಬಿಟ್ಟ ಮೇಲಿನ) ಲೂಪ್‌ಗಳು ತಲಾ 6 ಬೈಟ್. ಆ 6 ಬೈಟ್‌ನಲ್ಲಿ ಇರುವುದು ಸ್ಥಾನಗಳಲ್ಲ, ಮಾರ್ಕರ್‌ಗಳ ಗುರುತಿನ ಸಂಖ್ಯೆ. ಸ್ಥಾನ ಇರುವುದು ಮಾರ್ಕರ್ ಚಂಕ್‌ನಲ್ಲಿ. ಎರಡರಲ್ಲಿ ಯಾವುದು ಮೊದಲು ಬರುತ್ತದೆಂಬ ನಿಯಮವಿಲ್ಲ, ಹಾಗಾಗಿ ಎಲ್ಲ ಚಂಕ್ ಓದಿ ಮುಗಿಸಿದ ಮೇಲೆ ಜೋಡಿಸಿ. ಮಾರ್ಕರ್‌ನ ಹೆಸರಿಗೂ ತುಂಬುವ ಬೈಟ್ ಉಂಟು: ಉದ್ದದ ಬೈಟ್ ಸೇರಿಸಿ ಒಟ್ಟು ಸಮ ಆಗಬೇಕು. 8 ಅಕ್ಷರದ ಹೆಸರು 9 ಬೈಟ್ ಹಿಡಿದು 10ಕ್ಕೆ ಏರುತ್ತದೆ.

ವೇವ್‌ನಲ್ಲಿ ಇದೆಲ್ಲ ಸ್ಯಾಂಪ್ಲರ್ ಚಂಕ್ ಎಂಬ ಒಂದೇ ಕಡೆ ಇದೆ, ಹೆಸರು ಎಸ್-ಎಂ-ಪಿ-ಎಲ್. ಮೊದಲು 36 ಬೈಟ್, ಆಮೇಲೆ ಒಂದೊಂದು ಲೂಪ್‌ಗೆ 24 ಬೈಟ್. ಒಂದರಿಂದ ಇನ್ನೊಂದಕ್ಕೆ ದಾಟಿಸುವಾಗ ಮೂರು ಕಡೆ ಎಡವುತ್ತಾರೆ.

ಮೊದಲನೆಯದು ಲೂಪ್‌ನ ಕೊನೆ. ಎಐಎಫ್‌ಎಫ್‌ನಲ್ಲಿ ಮಾರ್ಕರ್ ಕೂರುವುದು ಎರಡು ಫ್ರೇಮ್‌ಗಳ ನಡುವಿನ ಸಂದಿಯಲ್ಲಿ. ಶುರುವಿನ ಮಾರ್ಕರ್ 12000, ಕೊನೆಯದು 12200 ಎಂದರೆ ಕೊನೆಗೆ ನುಡಿಯುವ ಫ್ರೇಮ್ 12199. ವೇವ್‌ನ ಸ್ಯಾಂಪ್ಲರ್ ಚಂಕ್‌ನಲ್ಲಿ ಕೊನೆ ಎಂದರೆ ನುಡಿಯಬೇಕಾದ ಕೊನೆಯ ಫ್ರೇಮೇ. ಹಾಗಾಗಿ ಒಂದು ಕಳೆಯಬೇಕು. ಕಳೆಯದೆ ಬಿಟ್ಟರೆ 200 ಫ್ರೇಮ್‌ನ ಲೂಪ್ 201 ಆಗಿ ಸ್ವರ 8 ಸೆಂಟ್‌ಗೂ ಹೆಚ್ಚು ಇಳಿಯುತ್ತದೆ, ಸಂದಿಯಲ್ಲಿ ಟಿಕ್ ಕೂಡ ಸೇರಿಕೊಳ್ಳುತ್ತದೆ.

ಎರಡನೆಯದು ಲೂಪ್‌ನ ಬಗೆ. ಎಐಎಫ್‌ಎಫ್‌ನಲ್ಲಿ 0 ಎಂದರೆ ಲೂಪ್ ಇಲ್ಲ, 1 ಮುಂದಕ್ಕೆ, 2 ಹೋಗಿ-ಬರುವುದು. ವೇವ್‌ನಲ್ಲಿ 0 ಮುಂದಕ್ಕೆ, 1 ಹೋಗಿ-ಬರುವುದು, 2 ಹಿಂದಕ್ಕೆ. ಸಂಖ್ಯೆಯನ್ನು ಹಾಗೇ ನಕಲು ಮಾಡಿದರೆ ನೇರ ಲೂಪ್‌ಗಳೆಲ್ಲ ಹೋಗಿ-ಬರುವ ಲೂಪ್‌ಗಳಾಗುತ್ತವೆ. ತಂತಿವಾದ್ಯದ ನಿಧಾನ ಸ್ವರದಲ್ಲಿ ಅದು ಪರವಾಗಿಲ್ಲ ಅನ್ನಿಸುವಷ್ಟು ಚೆನ್ನಾಗಿಯೇ ಕೇಳಿಸುತ್ತದೆ, ಅಪಾಯ ಇರುವುದೇ ಅಲ್ಲಿ.

ಮೂರನೆಯದು ಶ್ರುತಿಯ ದಿಕ್ಕು. ಎಐಎಫ್‌ಎಫ್‌ನ ಡೀಟ್ಯೂನ್ ಹೇಳುವುದು ನುಡಿಸುವಾಗ ಎಷ್ಟು ಏರಿಸಬೇಕು ಎಂದು. ವೇವ್‌ನ ಭಿನ್ನಾಂಕ ಹೇಳುವುದು ಸ್ಯಾಂಪಲ್‌ನ ನಿಜವಾದ ಶ್ರುತಿ ಮೂಲ ಸ್ವರಕ್ಕಿಂತ ಎಷ್ಟು ಮೇಲಿದೆ ಎಂದು. ಒಂದಕ್ಕೊಂದು ತಿರುಗುಮುರುಗು. ಅದೂ ಅಲ್ಲದೆ ವೇವ್‌ನ ಭಿನ್ನಾಂಕಕ್ಕೆ ಋಣ ಚಿಹ್ನೆಯೇ ಇಲ್ಲ. ಮೂಲ ಸ್ವರ 60, ಡೀಟ್ಯೂನ್ +7 ಎಂದಿದ್ದರೆ ಸ್ಯಾಂಪಲ್ 7 ಸೆಂಟ್ ತಗ್ಗಿದೆ ಎಂದರ್ಥ. ಅದನ್ನು 59 ಮತ್ತು 93 ಸೆಂಟ್ ಎಂದು ಬರೆಯಬೇಕು: 0.93 × 4294967296, ಅಂದರೆ 3994319585. ಡೀಟ್ಯೂನ್ −7 ಆಗಿದ್ದರೆ ಸ್ವರ 60ರಲ್ಲೇ ಇದ್ದು ಭಿನ್ನಾಂಕ 0.07.

ಫೈಲ್ ಹೇಳಿದ್ದನ್ನೆಲ್ಲ ನಂಬಬಾರದು. ಲೂಪ್‌ಗಳ ಸಂಖ್ಯೆ ಇಷ್ಟು ಎಂದು ಚಂಕ್ ಹೇಳಿದರೂ (ಅಳತೆ − 36) ÷ 24ಕ್ಕಿಂತ ಹೆಚ್ಚು ಓದಬೇಡಿ. ಕೊನೆಯು ಫ್ರೇಮ್ ಸಂಖ್ಯೆಯನ್ನು ದಾಟಿದ್ದರೆ, ಶುರು ಕೊನೆಗಿಂತ ಮುಂದಿದ್ದರೆ ಆ ಲೂಪನ್ನು ಬಿಟ್ಟು ವರದಿಯಲ್ಲಿ ಬರೆಯಿರಿ, ಸುಮ್ಮನೆ ತಿದ್ದಬೇಡಿ.

ರೇಟ್ ಬದಲಿಸುವಾಗ ಲೂಪ್ ಏನಾಗುತ್ತದೆ

48000ದಿಂದ 44100ಕ್ಕೆ ಅನುಪಾತ 147/160, ಅಂದರೆ 0.91875. ಮೇಲಿನ 200 ಫ್ರೇಮ್‌ನ ಲೂಪ್ ಒಂದೇ ಆವರ್ತ ಎಂದುಕೊಳ್ಳಿ, 240 ಹರ್ಟ್ಸ್. ಹೊಸ ರೇಟ್‌ನಲ್ಲಿ ಅದರ ಉದ್ದ 183.75. ಮುಕ್ಕಾಲು ಫ್ರೇಮ್ ಎಂಬುದು ಇಲ್ಲ. 184 ಮಾಡಿದರೆ ಸ್ವರ 239.67 ಹರ್ಟ್ಸ್‌ಗೆ, ಅಂದರೆ 2.35 ಸೆಂಟ್ ಕೆಳಕ್ಕೆ ಇಳಿಯುತ್ತದೆ. ಸರಿಯಾದ ಶ್ರುತಿಯ ಇನ್ನೊಂದು ಸ್ಯಾಂಪಲ್ ಜೊತೆ ನುಡಿಸಿದರೆ ಸುಮಾರು 3 ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಇಳಿಯುತ್ತದೆ. ಇಷ್ಟೂ ಸಾಲದೆಂಬಂತೆ, ಸ್ವರದ ಆರಂಭ ಸರಿಯಾದ ಶ್ರುತಿಯಲ್ಲಿದ್ದು ಲೂಪ್‌ಗೆ ಹೊಕ್ಕ ಕ್ಷಣ ಜಾರುತ್ತದೆ.

ಇದಕ್ಕೆ ಉಪಾಯ ಲೂಪನ್ನು ಮೊದಲೇ ಬಿಚ್ಚಿ ಹಾಸುವುದು. ಒಂದರ ಬದಲು ನಾಲ್ಕು ಆವರ್ತದ ಲೂಪ್ ಮಾಡಿದರೆ 800 ಫ್ರೇಮ್, ಹೊಸ ರೇಟ್‌ನಲ್ಲಿ ಸರಿಯಾಗಿ 735. ಭಿನ್ನಾಂಕವೇ ಇಲ್ಲ. ಕೋಡ್‌ನಲ್ಲಿ 1ರಿಂದ 8ರವರೆಗೆ ಗುಣಕ ಹಾಕಿ ನೋಡಿ, ತಪ್ಪು 0.1 ಸೆಂಟ್‌ಗಿಂತ ಕಡಿಮೆಯಾಗುವ ಮೊದಲ ಗುಣಕ ಹಿಡಿಯಿರಿ. ಯಾವುದೂ ಸಿಗದಿದ್ದರೆ ಅನುಪಾತವನ್ನೇ ತುಸು ಬಾಗಿಸಿ ಲೂಪ್ ಪೂರ್ಣ ಸಂಖ್ಯೆಗೆ ಬರುವಂತೆ ಮಾಡಿ, ಆ ವ್ಯತ್ಯಾಸವನ್ನು ಶ್ರುತಿಯ ಭಿನ್ನಾಂಕದಲ್ಲಿ ಬರೆಯಿರಿ. ಇದು ಎರಡನೆಯ ಆಯ್ಕೆ, ಏಕೆಂದರೆ ಹಲವು ಸ್ಯಾಂಪ್ಲರ್‌ಗಳು ಆ ಭಿನ್ನಾಂಕವನ್ನು ಓದುವುದೇ ಇಲ್ಲ. ಉದ್ದ ಲೂಪ್‌ಗಳಿಗೆ ಈ ಚಿಂತೆ ಬೇಡ: 40001 ಫ್ರೇಮ್‌ನ ಲೂಪನ್ನು ಹತ್ತಿರದ ಪೂರ್ಣಾಂಕಕ್ಕೆ ತಂದರೆ ಆಗುವ ವ್ಯತ್ಯಾಸ 0.004 ಸೆಂಟ್‌ನಷ್ಟು. ಎಡ-ಬಲ ಚಾನೆಲ್‌ಗಳು ಎರಡು ಬೇರೆ ಮೋನೋ ಫೈಲ್‌ಗಳಾಗಿರುವ ಹಳೆಯ ಸಂಗ್ರಹಗಳಲ್ಲಿ ಮಾತ್ರ ಒಂದು ಎಚ್ಚರ: ಎರಡಕ್ಕೂ ಒಂದೇ ಅನುಪಾತ, ಒಂದೇ ಗುಣಕ ಇರಬೇಕು. ಇಲ್ಲದಿದ್ದರೆ ಎರಡೂ ನಿಧಾನವಾಗಿ ಒಂದರಿಂದೊಂದು ಜಾರುತ್ತವೆ.

ಬಿಚ್ಚಿ ಹಾಸುವುದಕ್ಕೆ ಇನ್ನೊಂದು ಕಾರಣವೂ ಇದೆ, ಇದು ಮೊದಲನೆಯದಕ್ಕಿಂತ ಸೂಕ್ಷ್ಮ. ರೇಟ್ ಬದಲಿಸುವ ಫಿಲ್ಟರ್ ಒಂದು ಫ್ರೇಮ್ ಲೆಕ್ಕ ಹಾಕಲು ಅದರ ಹಿಂದೆ ಮುಂದೆ ನೂರಕ್ಕೂ ಹೆಚ್ಚು ಫ್ರೇಮ್‌ಗಳನ್ನು ನೋಡುತ್ತದೆ. ಲೂಪ್ ಮುಗಿಯುವಲ್ಲೇ ಫೈಲೂ ಮುಗಿದರೆ, ಕೊನೆಯ ಫ್ರೇಮ್‌ಗಳ ಮುಂದೆ ಫಿಲ್ಟರ್‌ಗೆ ಕಾಣುವುದು ಬರೀ ಸೊನ್ನೆ. ಅಲ್ಲಿ ಅಲೆ ಕುಸಿದು, ಸಂಖ್ಯೆಗಳೆಲ್ಲ ಸರಿಯಿದ್ದೂ ಲೂಪ್ ಟಿಕ್ ಎನ್ನುತ್ತದೆ. ಹಾಗೆಯೇ ಲೂಪ್‌ನ ಮೊದಲ ಫ್ರೇಮ್‌ಗಳ ಹಿಂದೆ ಸ್ವರದ ಆರಂಭದ ಭಾಗ ಕಾಣುತ್ತದೆ. ಲೂಪ್ ಸುತ್ತಿ ಬರುವಾಗ ಅಲ್ಲಿ ಇರಬೇಕಾದದ್ದು ಲೂಪ್‌ನ ಕೊನೆ. ಹಾಗಾಗಿ ಲೂಪ್‌ನ ಎರಡೂ ಬದಿ ಲೂಪೇ ಇರಬೇಕು.

ಮಾಡುವ ಕ್ರಮ ಹೀಗೆ. ಸ್ವರದ ಆರಂಭದಿಂದ 12000ದವರೆಗಿನ ಭಾಗ ಹಾಗೇ ಇರಲಿ. ಅದರ ಮುಂದೆ ಲೂಪ್‌ನ 5 ಪ್ರತಿ, ಅಂದರೆ 1000 ಫ್ರೇಮ್. ಆಮೇಲೆ ನಿಜವಾದ ಲೂಪ್ ಆಗಲಿರುವ 4 ಪ್ರತಿ, 800 ಫ್ರೇಮ್. ಮತ್ತೆ 5 ಪ್ರತಿ. ಮೂಲದಲ್ಲಿ ಲೂಪ್‌ನ ನಂತರ ರಿಲೀಸ್ ಭಾಗ ಇದ್ದರೆ ಅದನ್ನು ಕೊನೆಗೆ ಅಂಟಿಸಿ. ಈಗ ಲೂಪ್ ಶುರುವಾಗುವುದು 13000ದಲ್ಲಿ. ಹೊಸ ರೇಟ್‌ನಲ್ಲಿ 11943.75. ಇದನ್ನು 11944 ಮಾಡಿದರೆ ಏನೂ ಕೆಡುವುದಿಲ್ಲ. ಆ ಜಾಗದಲ್ಲಿ ಅಲೆ ತನ್ನನ್ನೇ ಮರುಕಳಿಸುತ್ತಿದೆ, ಹಾಗಾಗಿ ಉದ್ದ ಪೂರ್ಣಸಂಖ್ಯೆಯಾಗಿದ್ದರೆ ಶುರು ಎಲ್ಲಿದ್ದರೂ ಸಂದಿ ಕೂಡುತ್ತದೆ. ಬರೆಯಬೇಕಾದ ಕೊನೆ 11944 + 735 − 1 = 12678. ಲೂಪ್‌ನ ನಂತರದ ಪ್ರತಿಗಳನ್ನು ಪೂರ್ತಿ ಕತ್ತರಿಸಬೇಡಿ. ಕೆಲವು ಸ್ಯಾಂಪ್ಲರ್‌ಗಳು ಸ್ವರ ಬದಲಿಸುವಾಗ ಕೊನೆಯ ಆಚೆಗೂ ಕೆಲವು ಫ್ರೇಮ್ ಓದುತ್ತವೆ.

ಹೋಗಿ-ಬರುವ ಲೂಪ್‌ಗಳಿಗೆ ಈ ಉಪಾಯ ಒಗ್ಗದು. ತಿರುಗುವ ಜಾಗದಲ್ಲಿ ತುದಿಯ ಫ್ರೇಮನ್ನು ಎರಡು ಸಲ ನುಡಿಸಬೇಕೇ ಒಂದು ಸಲವೇ ಎಂಬುದು ಸ್ಯಾಂಪ್ಲರ್‌ನಿಂದ ಸ್ಯಾಂಪ್ಲರ್‌ಗೆ ಬೇರೆ. ಅವನ್ನು ಬೇರೆ ಪಟ್ಟಿ ಮಾಡಿ ಕಿವಿಯಿಂದ ತೀರ್ಮಾನಿಸಿ.

ಲಿಬ್‌ಸ್ಯಾಂಪಲ್‌ರೇಟ್‌ನಲ್ಲಿ ಐದು ಬಗೆಯ ಪರಿವರ್ತಕಗಳಿವೆ: ಸಿಂಕ್ ಆಧಾರದ ಮೂರು, ಲೀನಿಯರ್ ಒಂದು, ಹಿಂದಿನ ಮೌಲ್ಯವನ್ನೇ ಹಿಡಿದಿಡುವುದು ಒಂದು. ಸಿಂಕ್‌ನ ಅತ್ಯುತ್ತಮ ದರ್ಜೆ 97 ಶೇಕಡಾ ಬ್ಯಾಂಡ್ (ಕಂಪನಾಂಕಗಳ ವ್ಯಾಪ್ತಿ) ಉಳಿಸಿದರೆ, ಮಧ್ಯಮ 90, ವೇಗದ್ದು 80. ಸ್ಯಾಂಪಲ್‌ಗಳನ್ನು ಪರಿವರ್ತಿಸುವುದು ಒಂದೇ ಸಲ, ಆದ್ದರಿಂದ ಅತ್ಯುತ್ತಮವನ್ನೇ ಬಳಸಿ. ಇಡೀ ಫೈಲ್ ಮೆಮೊರಿಯಲ್ಲಿ ಇರುವುದರಿಂದ ಎಸ್‌ಆರ್‌ಸಿ_ಸಿಂಪಲ್ ಒಂದೇ ಕರೆ ಸಾಕು. ಅದನ್ನೇ ತುಂಡು ತುಂಡಿಗೆ ಕರೆಯುವುದು ದೊಡ್ಡ ತಪ್ಪು: ಪ್ರತಿ ತುಂಡಿಗೂ ಫಿಲ್ಟರ್ ಹೊಸದಾಗಿ ಶುರುವಾಗಿ ಸಂದಿ ಸಂದಿಯಲ್ಲೂ ಟಿಕ್ ಬರುತ್ತದೆ. ಅನುಪಾತ ಎಂದರೆ ಹೊರಗಿನ ರೇಟನ್ನು ಒಳಗಿನದರಿಂದ ಭಾಗಿಸಿದ್ದು; ತಿರುಗಿಸಿ ಕೊಟ್ಟರೆ ಸ್ವರವೇ ಬದಲಾಗುತ್ತದೆ.

ರೇಟ್ ಬದಲಾದ ಮೇಲೆ ಶಿಖರಗಳು 1.0 ದಾಟಬಹುದು, ಮೂಲದಲ್ಲಿ ದಾಟದಿದ್ದರೂ ಸಹ. ಲಿಬ್‌ಎಸ್‌ಎನ್‌ಡಿಫೈಲ್‌ನಲ್ಲಿ ಕ್ಲಿಪ್ಪಿಂಗ್ (ಮಿತಿ ದಾಟಿದ್ದನ್ನು ಮಿತಿಯಲ್ಲೇ ನಿಲ್ಲಿಸುವುದು) ತಾನಾಗಿ ಇರುವುದಿಲ್ಲ, ಆಜ್ಞೆ ಕೊಟ್ಟು ಹಾಕಬೇಕು. ಇಲ್ಲದಿದ್ದರೆ 1.0 ದಾಟಿದ ಮೌಲ್ಯ ಸುತ್ತಿ ಋಣದ ತುದಿಗೆ ಹೋಗಿ ಚಟ್ ಎನ್ನುತ್ತದೆ. ಆದರೆ ಕ್ಲಿಪ್ಪಿಂಗ್ ಕೊನೆಯ ಬೇಲಿ ಮಾತ್ರ. ಮೊದಲು ಇಡೀ ಸಂಗ್ರಹದ ಶಿಖರ ಅಳೆದು, ಎಲ್ಲ ಫೈಲ್‌ಗಳಿಗೂ ಒಂದೇ ಪ್ರಮಾಣದಲ್ಲಿ ಇಳಿಸಿ. ಒಂದೊಂದು ಫೈಲನ್ನೂ ಬೇರೆ ಬೇರೆ ನಾರ್ಮಲೈಸ್ ಮಾಡಿದರೆ ಮೆಲ್ಲಗೆ ನುಡಿಸಿದ ಸ್ವರ ಜೋರಾಗಿ ನುಡಿಸಿದ್ದಕ್ಕೆ ಸಮವಾಗಿ, ವೆಲಾಸಿಟಿ ಪದರಗಳ ಅರ್ಥವೇ ಹೋಗುತ್ತದೆ.

ಬರೆಯುವುದು

ಸದ್ದನ್ನು ಲೈಬ್ರರಿಯಿಂದ ತಾತ್ಕಾಲಿಕ ಹೆಸರಿಗೆ ಬರೆದು ಮುಚ್ಚಿ. ಸ್ಯಾಂಪ್ಲರ್ ಚಂಕನ್ನು ಆಮೇಲೆ ಫೈಲ್‌ನ ಕೊನೆಗೆ ಸ್ವಂತ ಕೋಡ್‌ನಿಂದ ಸೇರಿಸಿ. ಒಂದು ಲೂಪ್‌ಗೆ 8 + 36 + 24 = 68 ಬೈಟ್. ಫ್ರೇಮ್ ಅವಧಿಯ ಕ್ಷೇತ್ರ ನ್ಯಾನೊಸೆಕೆಂಡ್‌ನಲ್ಲಿ, 44100ಕ್ಕೆ 22676. ಲೂಪ್‌ನ ಸುತ್ತುಗಳ ಸಂಖ್ಯೆ 0 ಎಂದರೆ ಕೊನೆಯಿಲ್ಲದ್ದು. ಸೇರಿಸಿದ ಮೇಲೆ ಫೈಲ್‌ನ 5ನೇ ಬೈಟ್‌ನಿಂದ ಇರುವ ರಿಫ್ (ವೇವ್‌ನ ಎಲ್ಲವನ್ನೂ ಹೊತ್ತ ಹೊರ ಚಂಕ್) ಅಳತೆಯನ್ನು ತಿದ್ದಲೇಬೇಕು: ಒಟ್ಟು ಫೈಲ್ ಅಳತೆಯಿಂದ 8 ಕಳೆದದ್ದು. ಇದನ್ನು ಬಿಟ್ಟರೆ ಕೆಲವು ಪ್ರೋಗ್ರಾಂಗಳಿಗೆ ಲೂಪ್ ಕಾಣುತ್ತದೆ, ಕೆಲವಕ್ಕೆ ಕಾಣುವುದಿಲ್ಲ. ಎಲ್ಲ ಮುಗಿದ ಮೇಲೆ ನಿಜವಾದ ಹೆಸರಿಗೆ ಬದಲಿಸಿ. ನಡುವೆ ವಿದ್ಯುತ್ ಹೋದರೂ ಅರೆಬರೆ ಫೈಲ್ ಉಳಿಯದು.

ಚಂಕನ್ನು ಸದ್ದಿನ ನಂತರ ಇಡುವುದಕ್ಕೆ ಕಾರಣವಿದೆ. ಹೆಡರ್ ಯಾವಾಗಲೂ 44 ಬೈಟ್ ಎಂದು ನಂಬಿ ಅಲ್ಲಿಂದಲೇ ಸದ್ದು ಓದುವ ಹಳೆಯ ಸಾಧನಗಳು ಇವೆ. ಮುಂದೆ ಬೇರೇನಾದರೂ ಇದ್ದರೆ ಅವು ಅದನ್ನೂ ಸದ್ದೆಂದು ನುಡಿಸುತ್ತವೆ.

ಸಂಗ್ರಹವನ್ನು ಕುಗ್ಗಿಸಿಡಲು ಫ್ಲ್ಯಾಕ್ ಒಳ್ಳೆಯದು, ಆದರೆ ಸ್ಯಾಂಪ್ಲರ್ ಚಂಕ್ ತಾನಾಗಿ ಅದರೊಳಗೆ ಹೋಗುವುದಿಲ್ಲ. ಫ್ಲ್ಯಾಕ್‌ನ ಕಮ್ಯಾಂಡ್‌ಲೈನ್ ಉಪಕರಣದಲ್ಲಿ ಹೊರಗಿನ ಮೆಟಾಡೇಟಾ ಉಳಿಸುವ ಆಯ್ಕೆ ಇದೆ. ಕುಗ್ಗಿಸುವಾಗಲೂ ಬಿಚ್ಚುವಾಗಲೂ ಅದನ್ನು ಕೊಡಬೇಕು. ಎಂಪಿ3ಯನ್ನು ಲೂಪ್ ಇರುವ ಸ್ಯಾಂಪಲ್‌ಗೆ ಬಳಸಲೇಬೇಡಿ. ಅದು 1152 ಫ್ರೇಮ್‌ಗಳ ಕಟ್ಟುಗಳಲ್ಲಿ ಕೆಲಸ ಮಾಡುತ್ತದೆ, ಮುಂದೆ ಹಿಂದೆ ಖಾಲಿ ಜಾಗ ಸೇರಿಸುತ್ತದೆ, ಲೂಪ್‌ನ ಸ್ಥಾನಗಳೆಲ್ಲ ಜರುಗುತ್ತವೆ.

ಪರೀಕ್ಷೆಯ ಫೈಲ್‌ಗಳು

−32768ರಿಂದ 32767ರವರೆಗೆ ಎಲ್ಲ 65536 ಮೌಲ್ಯಗಳಿರುವ ಮೋನೋ ಫೈಲ್ ಒಂದನ್ನು ಮಾಡಿಕೊಳ್ಳಿ. 44 ಬೈಟ್ ಹೆಡರ್ ಸೇರಿ 131116 ಬೈಟ್ ಆಗುತ್ತದೆ. ಅದೇ ಮೌಲ್ಯಗಳನ್ನು ಎಐಎಫ್‌ಎಫ್‌ನಲ್ಲಿಟ್ಟು ಈ ಉಪಕರಣದಿಂದ ವೇವ್ ಮಾಡಿದ ಮೇಲೆ ಒಂದು ಮೌಲ್ಯವೂ ಬದಲಾಗಿರಬಾರದು. ಫ್ಲೋಟ್ ದಾರಿಯಲ್ಲಿ ಇದನ್ನೇ ಕಳಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಮೌಲ್ಯಗಳು ಬದಲಾಗಿರುವುದು ಕಾಣುತ್ತದೆ. ದಾರಿ ತಪ್ಪಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭ ಪರೀಕ್ಷೆ ಇಲ್ಲ.

ರೇಟ್ ಪರಿವರ್ತನೆಗೆ 96000 ಹರ್ಟ್ಸ್‌ನಲ್ಲಿ 30000 ಹರ್ಟ್ಸ್‌ನ ಸೈನ್ ಅಲೆ. 44100ಕ್ಕೆ ಇಳಿಸಿದಾಗ ಆರಂಭ ಮತ್ತು ಕೊನೆಯ ಅಂಚು ಬಿಟ್ಟು ಉಳಿದದ್ದು ಮೌನವಾಗಿರಬೇಕು. 14100 ಹರ್ಟ್ಸ್‌ನಲ್ಲಿ ಚುಚ್ಚುವ ಸ್ವರ ಕೇಳಿಸಿದರೆ ಲೀನಿಯರ್ ಪರಿವರ್ತಕ ಎಲ್ಲೋ ನುಸುಳಿದೆ.

ಲೂಪ್‌ಗೆ ಮೇಲಿನ 12000–12200ರ ಉದಾಹರಣೆಯನ್ನೇ ಫೈಲ್ ಮಾಡಿ, ಪರಿವರ್ತಿಸಿ, ಹೆಕ್ಸ್ ಡಂಪ್‌ನಲ್ಲಿ ಬೈಟ್‌ಗಳನ್ನು ಕಣ್ಣಾರೆ ನೋಡಿ. ಬರೆದ ಕೋಡ್‌ನಿಂದಲೇ ಮತ್ತೆ ಓದಿ ಸರಿಯಿದೆ ಎಂದುಕೊಳ್ಳಬೇಡಿ. ಬರೆಯುವಾಗ ಒಂದು ಕೂಡಿಸಿ ಓದುವಾಗ ಒಂದು ಕಳೆದ ತಪ್ಪುಗಳು ಪರಸ್ಪರ ಮುಚ್ಚಿಹೋಗುತ್ತವೆ.

ರಿಪೇರಿಗೆ ಬರುವ ಫೈಲ್‌ಗಳು

ದೊಡ್ಡ ಸಂಗ್ರಹದಲ್ಲಿ ಕೆಲವು ಫೈಲ್‌ಗಳು ತೆರೆಯುವುದೇ ಇಲ್ಲ. ರೆಕಾರ್ಡಿಂಗ್ ನಡುವೆ ನಿಂತ ವೇವ್‌ನಲ್ಲಿ ಡೇಟಾ ಚಂಕ್‌ನ ಅಳತೆ 0 ಅಥವಾ 4294967295 ಎಂದು ಉಳಿದಿರುತ್ತದೆ. ಡೇಟಾ ಶುರುವಾದ ಜಾಗದಿಂದ ಫೈಲ್‌ನ ಕೊನೆಯವರೆಗೆ ಎಣಿಸಿ, ಫ್ರೇಮ್‌ನ ಬೈಟ್ ಸಂಖ್ಯೆಯಿಂದ ಪೂರ್ತಿ ಭಾಗವಾಗುವಷ್ಟಕ್ಕೆ ಇಳಿಸಿ ತುಂಬಿದರೆ ಸದ್ದು ಸಿಗುತ್ತದೆ. ತಿದ್ದುವ ಮುನ್ನ ಹೆಸರನ್ನೂ ನೋಡಿ: ರಿಫ್ ಬದಲು ಆರ್‌ಎಫ್64 ಎಂದಿದ್ದರೆ ಆ ದೊಡ್ಡ ಸಂಖ್ಯೆ ತಪ್ಪಲ್ಲ, ನಿಜವಾದ 64 ಬಿಟ್ ಅಳತೆ ಡಿಎಸ್64 ಚಂಕ್‌ನಲ್ಲಿ ಇರುತ್ತದೆ.

ಫಾರ್ಮ್ಯಾಟ್ ಸಂಖ್ಯೆ 65534 ಕಂಡರೆ ಅದು ವಿಸ್ತೃತ ವೇವ್. ಫಾರ್ಮ್ಯಾಟ್ ಚಂಕ್ 40 ಬೈಟ್ ಇರುತ್ತದೆ, ನಿಜವಾದ ಸಂಖ್ಯೆ ಚಂಕ್‌ನ ವಿಷಯದ 25ನೇ ಬೈಟ್‌ನಲ್ಲಿ ಶುರು: 1 ಎಂದರೆ ಪಿಸಿಎಂ (ಪೂರ್ಣಾಂಕಗಳು), 3 ಎಂದರೆ ಫ್ಲೋಟ್. ಸದ್ದಿನ ಬದಲು ಗೊರಗೊರ ಬಂದರೆ ಎರಡು ಕಾರಣ ನೋಡಿ. 8 ಬಿಟ್ ವೇವ್‌ಗೆ ಚಿಹ್ನೆ ಇಲ್ಲ, ಮೌನ ಎಂದರೆ 128. 8 ಬಿಟ್ ಎಐಎಫ್‌ಎಫ್‌ಗೆ ಚಿಹ್ನೆ ಇದೆ, ಮೌನ ಎಂದರೆ 0. ಎರಡನೆಯದು, ಎಐಎಫ್‌ಎಫ್ ಎಂಬ ವಿಸ್ತರಣೆ ಹೊತ್ತ ಫೈಲ್ ನಿಜದಲ್ಲಿ ಎಐಎಫ್‌ಸಿ ಆಗಿದ್ದು, ಒಳಗೆ "ಸೌಟ್" (ಎಸ್-ಒ-ಡಬ್ಲ್ಯು-ಟಿ) ಎಂಬ ಗುರುತಿರಬಹುದು. ಆಗ ಸದ್ದು ಚಿಕ್ಕ ಬೈಟ್ ಮೊದಲು ಬರುವ ಕ್ರಮದಲ್ಲಿದೆ, ಹೆಡರ್ ಮಾತ್ರ ದೊಡ್ಡದು ಮೊದಲು. ಫೈಲ್ ಹೆಸರಿನ ವಿಸ್ತರಣೆಯನ್ನು ಯಾವತ್ತೂ ನಂಬದೆ 9ರಿಂದ 12ನೇ ಬೈಟ್‌ವರೆಗಿನ ನಾಲ್ಕು ಅಕ್ಷರಗಳನ್ನು ಓದಿಯೇ ದಾರಿ ತೀರ್ಮಾನಿಸಿ.

ಇಡೀ ಫೋಲ್ಡರ್ ಮೇಲೆ ಓಡಿಸುವಾಗ ಒಂದೊಂದು ಫೈಲ್‌ಗೂ ಒಂದು ಸಾಲಿನ ವರದಿ ಬರೆಸಿ: ಹಿಡಿದ ದಾರಿ ಇಂಟಿಜರೋ ಫ್ಲೋಟೋ, ಲೂಪ್‌ನ ಹಳೆಯ ಮತ್ತು ಹೊಸ ಸ್ಥಾನ, ಬಳಸಿದ ಗುಣಕ, ಉಳಿದ ಶ್ರುತಿ ತಪ್ಪು ಎಷ್ಟು ಸೆಂಟ್, ಕ್ಲಿಪ್ ಆದ ಫ್ರೇಮ್ ಎಷ್ಟು. ಕೊನೆಯ ಸಂಖ್ಯೆ ಯಾವ ಫೈಲ್‌ನಲ್ಲೂ 0 ದಾಟಬಾರದು. ದಾಟಿದರೆ ಸಂಗ್ರಹದ ಪ್ರಮಾಣವನ್ನು ಇನ್ನೊಂದಿಷ್ಟು ಇಳಿಸಿ, ಮೂಲ ಫೈಲ್‌ಗಳಿಂದಲೇ ಮತ್ತೆ ಓಡಿಸಿ; ಪರಿವರ್ತಿತ ಫೈಲ್‌ಗಳ ಮೇಲೆ ಓಡಿಸಬೇಡಿ.